ರಾತ್ರಿ ಗಸ್ತಿಗೆ ಅಪ್ಪಾಜಿಯ ಬಂದೂಕು ತಗೊಂಡು ಬಾ ಅಂತಿದ್ದಾರೆ, ಏನು ಮಾಡಲಿ?

ತೋಟದಮನೆ, ಚನ್ನಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಮ್ಮದು ಸಂತೇಬೆನ್ನೂರು ಕಡೆಯ ಹಳ್ಳಿ. ನಾಲ್ಕು ಎಕರೆ ಅಡಿಕೆ ತೋಟ. ಈ ಸಲ ಎರಡನೇ ಕೊಯ್ಲಿನ ಕಾಯಿ ಸುಲಿಸಿ, ಬೇಯಿಸಿ, ತೋಟದ ಮನೆ ಮುಂದೆ ಒಣಗಲು ಹಾಕಿದ್ದೆವು. ಹೋದ ತಿಂಗಳು ಒಂದು ರಾತ್ರಿ ಅದರಲ್ಲಿ ಒಂದೂವರೆ ಕ್ವಿಂಟಲ್‌ನಷ್ಟು ಕಳುವಾಯಿತು. ಬೆಳಿಗ್ಗೆ ಹೋಗಿ ನೋಡಿದರೆ, ಮೇಲೆ ಹೊದಿಸಿದ್ದ ಟಾರ್ಪಾಲನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ, ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಕಲ್ಲು ಇಟ್ಟು ಹೋಗಿದ್ದಾರೆ. ಅಡಿಕೆ ಹೋಗಿದ್ದಕ್ಕಿಂತ ಆ ಕಲ್ಲು ನೋಡಿ ನನಗೆ ಜಾಸ್ತಿ ಹೊಟ್ಟೆ ಉರಿಯಿತು. ಅಷ್ಟು ನಿಧಾನವಾಗಿ, ಒಂದು ಚೂರೂ ಹೆದರಿಕೆ ಇಲ್ಲದೆ ಕೆಲಸ ಮುಗಿಸಿದ್ದಾರೆ ಅಂತ ತಾನೇ ಅರ್ಥ? ನಾವು ಕೂಗಳತೆ ದೂರದ ಊರ ಮನೆಯಲ್ಲಿ ಮಲಗಿದ್ದೆವು.

ನಮಗಿಂತ ಮುಂಚೆ ಇನ್ನೊಬ್ಬರ ಕಣದಿಂದ ಮೂರು ಚೀಲ ಹೋಗಿತ್ತು. ಮತ್ತೊಬ್ಬರ ಬೋರಿನ ಕೇಬಲ್ ಕತ್ತರಿಸಿ ತಾಮ್ರಕ್ಕೆ ಒಯ್ದಿದ್ದರು. ಕಂಪ್ಲೇಂಟ್ ಕೊಟ್ಟಿದ್ದೇವೆ, ಮಹಜರ್ ಆಗಿದೆ, ಎಫ್‌ಐಆರ್ ಕಾಪಿ ಕೈಯಲ್ಲಿದೆ.

ಈಗ ಊರಿನ ಹುಡುಗರು ಹದಿನಾಲ್ಕು ಜನ ಸೇರಿ ರಾತ್ರಿ ಗಸ್ತು ಶುರು ಮಾಡಿದ್ದಾರೆ. ಹತ್ತರಿಂದ ಎರಡು, ಎರಡರಿಂದ ಐದು, ಎರಡು ಪಾಳಿ. ಕೈಯಲ್ಲಿ ದೊಣ್ಣೆ, ಟಾರ್ಚು. ನಾನೂ ಸೇರಿದ್ದೇನೆ. ಸಮಸ್ಯೆ ಇರುವುದು ನಮ್ಮ ಮನೆಯ ಬಂದೂಕಿನದು. "ನಿಮ್ಮ ಮನೇಲಿ ಬಂದೂಕು ಇಟ್ಕೊಂಡು ನಾವ್ಯಾಕೆ ದೊಣ್ಣೆ ಹಿಡ್ಕೊಂಡು ತಿರುಗಬೇಕು? ತಗೊಂಡು ಬಾ" ಅಂತ ದಿನಾ ಹೇಳುತ್ತಾರೆ. ಒಬ್ಬಿಬ್ಬರು "ಇವನಿಗೆ ಧೈರ್ಯ ಇಲ್ಲ" ಅಂತಲೂ ಅಂದರು.

ಬಂದೂಕು ಅಪ್ಪಾಜಿಯದು. ಒಂಟಿ ನಳಿಗೆ, ಹನ್ನೆರಡು ಬೋರು (ನಳಿಗೆಯ ಅಳತೆ). ಆಗ ತೋಟ ಇರಲಿಲ್ಲ, ಕಬ್ಬು ಮತ್ತು ಶೇಂಗಾ ಇತ್ತು. ಹಂದಿ ಕಾಟಕ್ಕೆ ಅಂತ 1989ರಲ್ಲಿ ಲೈಸೆನ್ಸ್ ಮಾಡಿಸಿದ್ದು. ತಪ್ಪದೆ ರಿನ್ಯೂವಲ್ ಮಾಡಿಸುತ್ತಾ ಬಂದಿದ್ದಾರೆ, ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್‌ಗೆ ಒಪ್ಪಿಸಿ ರಸೀದಿ ತಂದಿದ್ದಾರೆ. ಅವರಿಗೀಗ 73 ವರ್ಷ, ಮಂಡಿನೋವು, ತೋಟಕ್ಕೆ ಹೋಗುವುದೇ ಅಪರೂಪ. ಆಯುಧ ಪೂಜೆಗೆ ಒರೆಸಿ, ಕುಂಕುಮ ಹಚ್ಚಿ, ಹೂವು ಹಾಕಿ ಮತ್ತೆ ಬೀರುವಿನಲ್ಲಿ ಇಡುತ್ತೇವೆ. ನಾನು ಜೀವನದಲ್ಲಿ ಎರಡೇ ಸಲ ಹಾರಿಸಿರುವುದು, ಅದೂ ಅಪ್ಪಾಜಿ ಪಕ್ಕದಲ್ಲಿ ನಿಂತಿದ್ದಾಗ, ಡಬ್ಬಕ್ಕೆ ಗುರಿಯಿಟ್ಟು.

ಅದನ್ನು ನಾನು ಹಿಡಿದುಕೊಂಡು ಗಸ್ತಿಗೆ ಹೋಗಬಹುದಾ? ಕಳ್ಳರು ಮಚ್ಚು ತಂದಿದ್ದರೆ ಏನು ಕತೆ? ಗಾಳಿಯಲ್ಲಿ ಒಂದು ಹಾರಿಸಿದರೆ ತಪ್ಪಾ? ತಿಳಿದವರು ಹೇಳಿ. ಹೆದರಿಸಬೇಡಿ, ನಿಜ ಹೇಳಿ.

ದುರ್ಗದ ಹುಡುಗ, ಚಿತ್ರದುರ್ಗ

ಇದರಲ್ಲಿ ಕೇಳೋದು ಏನಿದೆ ಅಣ್ಣ, ತಗೊಂಡು ಹೋಗಿ. ವರ್ಷವಿಡೀ ದುಡಿದ ಬೆಳೆ ಅದು. ಕೊನೆ ಕೊಯ್ಯುವವರಿಗೆ, ಸುಲಿಯುವವರಿಗೆ, ಬೇಯಿಸುವವರಿಗೆ ಎಲ್ಲ ಕೂಲಿ ಕೊಟ್ಟು, ಔಷಧಿ ಹೊಡೆಸಿ, ಕೊನೆಗೆ ಯಾರೋ ರಾತ್ರೋರಾತ್ರಿ ಹೊತ್ತುಕೊಂಡು ಹೋಗುತ್ತಾನೆ ಅಂದರೆ ಯಾರಿಗೆ ತಡೆದುಕೊಳ್ಳೋಕೆ ಆಗುತ್ತೆ? ಒಬ್ಬನ ಕಾಲಿಗೆ ಗುಂಡು ಬಿದ್ದರೆ ಉಳಿದವರು ಆ ಕಡೆ ತಲೆ ಹಾಕಲ್ಲ. ಅಮೆರಿಕದಲ್ಲಿ ಮನೆ ಮನೆಗೆ ಗನ್ ಇದೆ, ಅಂಗಡಿಗೆ ಹೋದರೂ ಸೊಂಟದಲ್ಲಿ ಇರುತ್ತೆ. ನಮ್ಮ ಓಬವ್ವ ಒನಕೆ ಎತ್ತಿದಾಗ ಯಾರ ಪರ್ಮಿಷನ್ ಕೇಳಿದ್ದಳು ಹೇಳಿ?

ಕರಿಕೋಟು, ದಾವಣಗೆರೆ

ನಾನು ದಾವಣಗೆರೆ ಕೋರ್ಟಿನಲ್ಲಿ ವಕೀಲ. ಕ್ರಿಮಿನಲ್ ಕೇಸೇ ಜಾಸ್ತಿ ನೋಡುವುದು. ತೋಟದಮನೆಯವರೇ, ನೇರವಾಗಿ ಹೇಳುತ್ತೇನೆ: ಬಂದೂಕು ತಗೊಂಡು ಹೋಗಬೇಡಿ.

ಲೈಸೆನ್ಸ್ ಅನ್ನುವುದು ಬಂದೂಕಿಗೂ ಅಲ್ಲ, ಮನೆಗೂ ಅಲ್ಲ, ಒಬ್ಬ ಮನುಷ್ಯನಿಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಅದು ನಿಮ್ಮ ತಂದೆಯವರ ಕೈಯಲ್ಲಿದ್ದರೆ ಸರಿ, ನಿಮ್ಮ ಕೈಗೆ ಬಂದರೆ ಲೈಸೆನ್ಸ್ ಇಲ್ಲದ ಬಂದೂಕು. ರಿಪೇರಿಗೋ ರಿನ್ಯೂವಲ್‌ಗೋ ಒಯ್ಯುವಾಗ, ಇಲ್ಲವೇ ಅವರೇ ಬಳಸಲಿಕ್ಕೆ ಅಂತ, ಅವರ ಎದುರಿಗೆ ಅಥವಾ ಅವರು ಬರೆದುಕೊಟ್ಟ ಒಪ್ಪಿಗೆ ಇಟ್ಟುಕೊಂಡು ಹೊರಬಹುದು. ಗಸ್ತು ಅದರಲ್ಲಿ ಬರುವುದಿಲ್ಲ. ಸಿಕ್ಕಿಬಿದ್ದರೆ 25ನೇ ಸೆಕ್ಷನ್. 2019ರ ತಿದ್ದುಪಡಿ ಆದಮೇಲೆ ಇದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಜೊತೆಗೆ ದಂಡ. ಒಂದು ಗುಂಡೂ ಹಾರಿಸಿರಬೇಕಾಗಿಲ್ಲ, ಕೈಯಲ್ಲಿ ಇದ್ದರೆ ಸಾಕು. ಕೊಟ್ಟು ಕಳಿಸಿದ ತಪ್ಪಿಗೆ ತಂದೆಯವರೂ ಈ ವಯಸ್ಸಿನಲ್ಲಿ ಕೋರ್ಟು ಅಲೆಯಬೇಕು.

ನಿಮ್ಮ ತಂದೆಯೇ ಬರುತ್ತೇನೆ ಅಂದರೂ ಲೈಸೆನ್ಸ್ ಪುಸ್ತಕ ತೆಗೆದು ಓದಿ. ಯಾವ ಉದ್ದೇಶಕ್ಕೆ, ಎಲ್ಲಿಯವರೆಗೆ ಅಂತ ಬರೆದಿರುತ್ತದೆ. ಬೆಳೆ ರಕ್ಷಣೆಗೆ ಕೊಟ್ಟ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಊರು ಸುತ್ತುವುದು ಆ ಷರತ್ತು ಮುರಿದ ಹಾಗೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇನ್ನೂ ಒಂದಿದೆ: ರಸ್ತೆಯಲ್ಲಿ ಒಯ್ಯುವಾಗ ಚೀಲದೊಳಗೆ ಇರಬೇಕು, ಯಾರ ಎದುರಿಗೂ ಝಳಪಿಸಬಾರದು.

ಇನ್ನು ಕಳ್ಳನ ವಿಷಯ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯವು. ನಿಮ್ಮ ಜೀವ, ಬೇರೆಯವರ ಜೀವ, ನಿಮ್ಮ ಸ್ವತ್ತು, ಎಲ್ಲವನ್ನೂ ಕಾಪಾಡಿಕೊಳ್ಳುವ ಹಕ್ಕು ನಿಮಗಿದೆ. ಆದರೆ ಅದಕ್ಕೊಂದು ಅಳತೆ ಇದೆ. ಸ್ವತ್ತು ಉಳಿಸಿಕೊಳ್ಳಲು ಇನ್ನೊಬ್ಬನ ಜೀವ ಹೋದರೂ ತಪ್ಪಲ್ಲ ಅನ್ನುವುದು ನಾಲ್ಕೇ ಸಂದರ್ಭದಲ್ಲಿ: ದರೋಡೆ, ರಾತ್ರಿ ಹೊತ್ತು ಕನ್ನ ಹಾಕಿ ಮನೆಗೆ ನುಗ್ಗುವುದು, ಜನ ವಾಸ ಮಾಡುವ ಮನೆಗೆ ಅಥವಾ ಸಾಮಾನು ಇಡುವ ಕಟ್ಟಡಕ್ಕೆ ಬೆಂಕಿ ಇಡುವುದು, ಮತ್ತೆ ತಡೆಯದಿದ್ದರೆ ಜೀವಕ್ಕೋ ಕೈಕಾಲಿಗೋ ಕುತ್ತು ಅನ್ನುವ ನಿಜವಾದ ಭಯ ಹುಟ್ಟಿಸುವಂಥ ಕಳ್ಳತನ. ಬಯಲಲ್ಲಿ ಹರಡಿದ ಅಡಿಕೆಯನ್ನು ಚೀಲಕ್ಕೆ ತುಂಬುತ್ತಿರುವವನು, ನಿಮ್ಮನ್ನು ಕಂಡು ಓಡುತ್ತಿರುವವನು, ಇದ್ಯಾವುದರಲ್ಲೂ ಬರುವುದಿಲ್ಲ. ಓಡುವವನ ಬೆನ್ನಿಗೆ ಗುಂಡು ಹೊಡೆದವನ ಪರ ವಾದ ಮಾಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಗಾಯ ಬೆನ್ನಲ್ಲಿದೆ ಅಂತ ಡಾಕ್ಟರ್ ಬರೆದ ಒಂದು ಸಾಲು ಸಾಕು.

ಮಚ್ಚು ಎತ್ತಿ ಮೈಮೇಲೆ ಬಂದರೆ ಕತೆ ಬೇರೆ. ಅಂಥ ಹೊತ್ತಲ್ಲಿ ಮನುಷ್ಯ ಮಾಡಿದ್ದನ್ನು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. 2010ರ ದರ್ಶನ್ ಸಿಂಗ್ ಕೇಸಿನಲ್ಲಿ ಈ ಹಕ್ಕಿನ ತತ್ವಗಳನ್ನೆಲ್ಲ ಒಂದೆಡೆ ಕೂಡಿಸಿ ಹೇಳಿದ್ದಾರೆ. ಆದರೂ "ನನ್ನದು ಆತ್ಮರಕ್ಷಣೆ" ಅಂತ ತೋರಿಸುವ ಹೊಣೆ ಹೊಡೆದವನ ಮೇಲೆಯೇ. ಅಲ್ಲಿಯವರೆಗೆ ಅವನು ಆರೋಪಿ.

ಗಾಳಿಯಲ್ಲಿ ಗುಂಡು ಕೇಳಿದಿರಿ. ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಬೇಜವಾಬ್ದಾರಿಯಿಂದ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದೂ 2019ರಲ್ಲಿ ಸೇರಿಸಿದ್ದು. ಮದುವೆ, ಜಾತ್ರೆಯಲ್ಲಿ ಹಾರಿಸುವವರೂ ಇದರಲ್ಲೇ ಬರುತ್ತಾರೆ.

ಕಳ್ಳನನ್ನು ಹಿಡಿಯಬಹುದಾ ಅಂದರೆ, ಕಣ್ಣೆದುರಿಗೇ ಕಳ್ಳತನ ಮಾಡುತ್ತಿದ್ದರೆ ಹಿಡಿಯಬಹುದು. ಹಿಡಿದವರು ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಲೈಟ್ ಕಂಬಕ್ಕೆ ಕಟ್ಟಿ ಹೊಡೆದರೆ ಕೇಸು ನಿಮ್ಮ ಹದಿನಾಲ್ಕೂ ಹುಡುಗರ ಮೇಲೆ ತಿರುಗುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಲ್ಲ? ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ, ಪರ ಊರಿನಿಂದ ಬಂದಿದ್ದವರ ಮೇಲೆ ಬಿದ್ದರು. ಒಬ್ಬ ಸತ್ತೇ ಹೋದ. ಅಲ್ಲಿ ಯಾರೂ ಯಾವ ಮಗುವನ್ನೂ ಕದ್ದಿರಲಿಲ್ಲ.

ಒಂದು ಉಪಯೋಗದ ಮಾತು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವರ ಬಳಿ 25 ವರ್ಷದಿಂದ ಇದ್ದರೆ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ನಿಮಗೆ ಎರಡೂ ಅನ್ವಯ ಆಗುತ್ತದೆ. ನಿಮಗೆ ಬಂದೂಕು ನಿಜವಾಗಿ ಬೇಕು ಅನ್ನಿಸಿದರೆ ಡಿಸಿ ಆಫೀಸಿಗೆ ಅರ್ಜಿ ಹಾಕಿ, ತರಬೇತಿ ಸರ್ಟಿಫಿಕೇಟ್ ತಗೊಳ್ಳಿ, ಪೊಲೀಸ್ ವರದಿ ಆಗಲಿ.

ದುರ್ಗದ ಹುಡುಗ, ಚಿತ್ರದುರ್ಗ

ಸಾರ್, ಕಾನೂನು ಎಲ್ಲ ಸರಿ. ಹಾಗಾದರೆ ರೈತ ಕೈಕಟ್ಟಿಕೊಂಡು ನೋಡುತ್ತಾ ಕೂರಬೇಕಾ? 112ಕ್ಕೆ ಫೋನ್ ಮಾಡಿ, ಗಾಡಿ ತೋಟದ ದಾರಿ ಹುಡುಕಿಕೊಂಡು ಬರುವಷ್ಟರಲ್ಲಿ ಅಡಿಕೆ ಲಾರಿ ಹತ್ತಿರುತ್ತೆ. ಸಿಟ್ಟಿನಿಂದ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ನಮ್ಮ ಮಾವನ ಮನೆಯಲ್ಲೂ ಹೀಗೇ ಆಗಿದೆ.

ಪಿಜೆ ಬಡಾವಣೆ, ಈಗ ಡೆನ್ವರ್

ಅಮೆರಿಕದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ದಾವಣಗೆರೆಯವಳು, ಎಂಟು ವರ್ಷದಿಂದ ಇಲ್ಲಿದ್ದೇನೆ. ಹೌದು, ಇಲ್ಲಿ ಸೊಂಟದಲ್ಲಿ ಗನ್ ಇಟ್ಟುಕೊಂಡವರು ಸಿಗುತ್ತಾರೆ. ಅವರು ಜನರ ಜೀವ ಉಳಿಸಿದ್ದೂ ಇದೆ. 2022ರಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ ಗುಂಡು ಹಾರಿಸುತ್ತಿದ್ದವನನ್ನು ತಡೆದದ್ದು ಅಲ್ಲಿಗೆ ಬಂದಿದ್ದ 22 ವರ್ಷದ ಹುಡುಗನೇ.

ಆದರೆ ನಮ್ಮ ಡೆನ್ವರ್ ಪಕ್ಕದ ಅರ್ವಾಡಾದಲ್ಲಿ 2021ರ ಜೂನ್‌ನಲ್ಲಿ ಆಗಿದ್ದನ್ನು ಕೇಳು ತಮ್ಮ. ಒಬ್ಬ ಶಾಟ್‌ಗನ್‌ನಿಂದ ಪೊಲೀಸ್ ಅಧಿಕಾರಿಯನ್ನು ಕೊಂದು, ಆಮೇಲೆ ತನ್ನ ಗಾಡಿಯಿಂದ ರೈಫಲ್ ತೆಗೆದುಕೊಂಡು ಬಂದ. ಅಲ್ಲೇ ಅಂಗಡಿಯಲ್ಲಿದ್ದ ಒಬ್ಬ ಮನುಷ್ಯ ಹೊರಗೆ ಓಡಿ ಬಂದು, ತನ್ನ ಪಿಸ್ತೂಲಿನಿಂದ ಆ ಕೊಲೆಗಾರನನ್ನು ಹೊಡೆದು ಬೀಳಿಸಿದ. ಆಮೇಲೆ ಬಿದ್ದಿದ್ದ ರೈಫಲ್ಲನ್ನು ಕೈಗೆ ತೆಗೆದುಕೊಂಡ. ಅಷ್ಟು ಹೊತ್ತಿಗೆ ಬಂದ ಇನ್ನೊಬ್ಬ ಪೊಲೀಸಿಗೆ ಕಂಡಿದ್ದು ರೈಫಲ್ ಹಿಡಿದು ನಿಂತ ಮನುಷ್ಯ ಮಾತ್ರ. ಹೊಡೆದುಬಿಟ್ಟ. ಎಲ್ಲರನ್ನೂ ಕಾಪಾಡಿದವನೇ ಸತ್ತ. ಆ ಪೊಲೀಸಿನ ಮೇಲೆ ಕೇಸ್ ಕೂಡ ಆಗಲಿಲ್ಲ, ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ ಅಂತ. ನಿಮ್ಮ ತೋಟಕ್ಕೆ ರಾತ್ರಿ ಎರಡು ಗಂಟೆಗೆ ಪೊಲೀಸ್ ಜೀಪು ಬಂದಾಗ ಬಂದೂಕು ಹಿಡಿದು ನಿಂತವರು ಅಡಿಕೆ ಯಜಮಾನರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಜಾರ್ಜಿಯಾದ್ದು, 2020ರ ಫೆಬ್ರವರಿ. ಬಡಾವಣೆಯಲ್ಲಿ ಕಳ್ಳತನ ಆಗುತ್ತಿದೆ ಅಂತ ಅಪ್ಪ ಮಗ ಗನ್ ಹಿಡಿದು, ಓಡುತ್ತಾ ಹೋಗುತ್ತಿದ್ದ 25 ವರ್ಷದ ಕಪ್ಪು ಹುಡುಗನನ್ನು ಗಾಡಿಯಲ್ಲಿ ಅಟ್ಟಿಸಿಕೊಂಡು ಹೋದರು. ಪಕ್ಕದ ಮನೆಯವನೂ ಇನ್ನೊಂದು ಗಾಡಿಯಲ್ಲಿ ಹಿಂದೆ ಬಿದ್ದ. ಹುಡುಗ ಏನೂ ಕದ್ದಿರಲಿಲ್ಲ. ಗುಂಡು ತಗುಲಿ ಸತ್ತ. ಮೂವರಿಗೂ ಜೀವಾವಧಿ ಆಗಿದೆ. ಸಾಮಾನ್ಯ ಜನ ಕಳ್ಳರನ್ನು ಹಿಡಿಯಬಹುದು ಅಂತಿದ್ದ 1863ರ ಹಳೆಯ ಕಾನೂನನ್ನೇ ಆ ರಾಜ್ಯ 2021ರಲ್ಲಿ ತೆಗೆದುಹಾಕಿತು. ಆ ವಿಡಿಯೊ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಹವಾಲ್ದಾರ್, ಹೊಳಲ್ಕೆರೆ

ಎಲ್ಲ ಓದಿದೆ. ವಕೀಲರು ಹೇಳಿದ್ದು ಸರಿ. ನಾನು ಕಾನೂನು ಓದಿದವನಲ್ಲ. ಸೈನ್ಯದಲ್ಲಿ 17 ವರ್ಷ, ರಿಟೈರ್ ಆಗಿ ಬಂದಮೇಲೆ ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ 11 ವರ್ಷ. ನನ್ನದೇ ಜೋಡು ನಳಿಗೆ, ನನ್ನದೇ ಲೈಸೆನ್ಸು. ಆ 11 ವರ್ಷದಲ್ಲಿ ಒಂದು ತೋಟಾನೂ (ಕಾಡತೂಸು) ಖರ್ಚು ಮಾಡಿಲ್ಲ. ಅದೇ ನನಗೆ ಹೆಮ್ಮೆ.

ತೋಟದಮನೆ ಅವರೇ, ನಿಮಗೆ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಬರೆಯೋದಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಮೆಕ್ಕೆಜೋಳ ಹಾಕಿದ್ದ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ನುಗ್ಗಲು ಶುರುವಾಯಿತು. ಒಂದು ರಾತ್ರಿಗೆ ಅರ್ಧ ಎಕರೆ ನೆಲಸಮ. ಇವನು ಅಟ್ಟಣೆ ಕಟ್ಟಿಕೊಂಡು ಮೂರು ರಾತ್ರಿ ಬಂದೂಕು ಹಿಡಿದು ಕಾದ. ಮೂರು ರಾತ್ರಿಯೂ ಹಂದಿ ಬರಲಿಲ್ಲ. ಹಗಲು ಹೊಲದ ಕೆಲಸ, ರಾತ್ರಿ ನಿದ್ದೆ ಇಲ್ಲ. ನಾಲ್ಕನೇ ರಾತ್ರಿ ಒಂದು ಗಂಟೆ ಮೀರಿತ್ತು. ಬದುವಿನ ಕಡೆಯಿಂದ ಸರಸರ ಸದ್ದು. ಕಪ್ಪಗೆ, ಗಿಡ್ಡಕ್ಕೆ, ಬಾಗಿಕೊಂಡು ಏನೋ ಬರುತ್ತಿತ್ತು. ಹೊಡೆದ.

ಅದು ಪಕ್ಕದ ಹೊಲದ ರೈತ. ತ್ರೀ ಫೇಸ್ ಕರೆಂಟು ರಾತ್ರಿ ಒಂದಕ್ಕೆ ಬರುತ್ತಿತ್ತು, ಮೋಟಾರ್ ಹಾಕಲು ಹೊರಟಿದ್ದ. ಚಳಿಗೆ ಕರಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡಿದ್ದ. ಹಾವಿನ ಭಯಕ್ಕೆ ಬಗ್ಗಿ ನೆಲ ನೋಡಿಕೊಂಡು ನಡೆಯುತ್ತಿದ್ದ. ಬ್ಯಾಟರಿ ಇತ್ತು, ಸೆಲ್ಲು ಇಳಿದು ಮಿಣುಕು ಮಿಣುಕು ಅನ್ನುತ್ತಿತ್ತು. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ತೊಡೆಗೂ ಕೆಳಹೊಟ್ಟೆಗೂ ಹೊಕ್ಕಿದ್ದವು. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹುಲ್ಲು ಹಾಸಿ ಆಸ್ಪತ್ರೆಗೆ ಒಯ್ದರು. ನಾನು ರಜಕ್ಕೆ ಊರಿಗೆ ಬಂದಿದ್ದೆ, ಅವನ ತಲೆ ನನ್ನ ತೊಡೆ ಮೇಲಿತ್ತು. ದಾರಿ ಪೂರ್ತಿ ಅವನು ಒಂದೇ ಮಾತು: "ನೀರು ಕಟ್ಟಬೇಕು, ಕರೆಂಟ್ ಹೋಗಿಬಿಡ್ತದೆ." ನೋವು ಅಂತ ಒಮ್ಮೆಯೂ ಅನ್ನಲಿಲ್ಲ.

ಬದುಕಿದ. ಇವತ್ತಿಗೂ ಕಾಲೆಳೆದುಕೊಂಡೇ ನಡೆಯುತ್ತಾನೆ. ಬಂದೂಕು ಅವತ್ತೇ ಪೊಲೀಸರ ವಶಕ್ಕೆ ಹೋಯಿತು, ಲೈಸೆನ್ಸ್ ರದ್ದಾಯಿತು, ಕೇಸು ಆರು ವರ್ಷ ನಡೆಯಿತು. ಆಸ್ಪತ್ರೆ ಖರ್ಚಿಗೂ ಕೋರ್ಟಿಗೂ ಅಂತ ಅಣ್ಣ ಒಂದು ಎಕರೆ ಮಾರಿದ. ಎರಡೂ ಮನೆಯವರು ಒಂದೇ ಕೂರಿಗೆಯಲ್ಲಿ ಬಿತ್ತನೆ ಮಾಡುತ್ತಿದ್ದವರು. ಆಮೇಲೆ ಒಬ್ಬರ ಮನೆ ನೀರು ಇನ್ನೊಬ್ಬರು ಕುಡಿಯಲಿಲ್ಲ.

ಅಣ್ಣ ನನಗೆ ಎಷ್ಟೋ ಸಲ ಹೇಳಿದ್ದಾನೆ: "ಹಂದಿ ಅಂತಲೇ ಕಂಡಿತ್ತು ಕಣೋ. ಕೋರೆ ಕೂಡ ಕಂಡಿತ್ತು." ನಾನು ನಂಬುತ್ತೇನೆ. ಮೂರು ರಾತ್ರಿ ಹಂದಿಗೆ ಕಾದವನಿಗೆ ನಾಲ್ಕನೇ ರಾತ್ರಿ ಮನುಷ್ಯನೂ ಹಂದಿಯಾಗಿಯೇ ಕಾಣುತ್ತಾನೆ. ನೀವೀಗ ಒಂದು ತಿಂಗಳಿಂದ ಕಳ್ಳನಿಗೆ ಕಾಯುತ್ತಿದ್ದೀರಿ. ನಿಮ್ಮ ಭಾಗದಲ್ಲೂ ರಾತ್ರಿ ಕರೆಂಟಿಗೆ ಎದ್ದು ಹೋಗುವವರು ಇರುತ್ತಾರೆ ಅಲ್ವಾ? ತೋಟದ ಸಾಲಿನಲ್ಲಿ ಕತ್ತಲಲ್ಲಿ ಓಡಾಡುವ ಹತ್ತು ಜನರಲ್ಲಿ ಕಳ್ಳ ಎಷ್ಟು ಜನ, ನಿಮ್ಮವರೇ ಎಷ್ಟು ಜನ? ಲೆಕ್ಕ ಹಾಕಿ.

ಹನ್ನೆರಡು ಬೋರಿನ ತೋಟಾದಿಂದ ಒಂದು ಗುಂಡು ಹೋಗುವುದಿಲ್ಲ, ಹಿಡಿಯಷ್ಟು ಚರೆ ಹೋಗುತ್ತದೆ. ನಲವತ್ತು ಗಜ ಮುಟ್ಟುವಷ್ಟರಲ್ಲಿ ಗಾಡಿ ಚಕ್ರದಷ್ಟು ಅಗಲ ಹರಡಿರುತ್ತದೆ. ಕಾಲಿಗೆ ಮಾತ್ರ ಹೊಡೆಯುತ್ತೇನೆ ಅನ್ನುವುದೆಲ್ಲ ಸಿನಿಮಾ ಮಾತು ತಮ್ಮಾ. ಅಡಿಕೆ ಮರಕ್ಕೆ ತಗುಲಿ ಯಾವ ಕಡೆ ಸಿಡಿಯುತ್ತದೆ ಅಂತಲೂ ಹೇಳಲಾಗದು. ಕಳ್ಳನ ಹಿಂದೆ ನಿಮ್ಮ ಗಸ್ತಿನ ಇನ್ನೊಬ್ಬ ಹುಡುಗ ನಿಂತಿದ್ದರೆ? ಹೊರಗೆ ಹೋದ ಒಂದೊಂದು ಚರೆಗೂ ಹಾರಿಸಿದವನೇ ಯಜಮಾನ.

ದುರ್ಗದ ಹುಡುಗ, ನೀನು ಓಬವ್ವನ ಹೆಸರು ಎತ್ತಿದೆ. ನನಗೂ ಆ ತಾಯಿ ಅಂದರೆ ಮೈ ಜುಂ ಅನ್ನುತ್ತದೆ. ಕೋಟೆಗೆ ಹೋದಾಗ ಆ ಕಿಂಡಿ ಎದುರಿಗೆ ಕೂತು ನೋಡು. ಒಂದು ಸಲಕ್ಕೆ ಒಬ್ಬನೇ ತಲೆ ಮುಂದೆ ಮಾಡಿ ನುಸುಳಬೇಕು. ಕೈಗೆಟುಕುವ ದೂರ. ಬರುತ್ತಿರುವವನು ಹೈದರಾಲಿಯ ಸಿಪಾಯಿ ಅಂತ ಅವಳು ಕಣ್ಣಾರೆ ಕಂಡು, ಒಬ್ಬೊಬ್ಬನಿಗೂ ಒನಕೆ ಬೀಸಿದಳು. ಸದ್ದು ಬಂದ ಕಡೆಗೆ ಕತ್ತಲಲ್ಲಿ ಬೀಸಿದವಳಲ್ಲ.

ಬ್ಯಾಂಕಿನಲ್ಲಿದ್ದಾಗ ಒಂದು ದಿನ ಮಧ್ಯಾಹ್ನ "ಕಳ್ಳ, ಕಳ್ಳ" ಅಂತ ಕೂಗು ಬಿತ್ತು. ಒಬ್ಬ ಹುಡುಗ ಚೀಲ ಅವುಚಿಕೊಂಡು ಬಾಗಿಲ ಕಡೆ ಓಡಿ ಬಂದ. ಜನ ಎಲ್ಲ ನನ್ನ ಕೈಯಲ್ಲಿದ್ದ ಬಂದೂಕನ್ನೇ ನೋಡಿದರು. ನಾನು ಅದನ್ನು ನೆಲದ ಕಡೆಗೇ ಹಿಡಿದು ಬಾಗಿಲಿಗೆ ಅಡ್ಡ ನಿಂತೆ. ಆ ಹುಡುಗ ಕಳ್ಳ ಅಲ್ಲ. ಅವನ ತಾಯಿಯ ಕೈಯಿಂದ ದುಡ್ಡು ಕಿತ್ತುಕೊಂಡವನು ಅಷ್ಟರಲ್ಲಾಗಲೇ ಹೊರಗೆ ಹೋಗಿದ್ದ, ಇವನು ಬೆನ್ನಟ್ಟಿದ್ದ. ನಾನು ಅಡ್ಡ ನಿಂತಿದ್ದರಿಂದ ಆ ದುಡ್ಡು ಸಿಗಲಿಲ್ಲ, ಆ ತಾಯಿ ನನ್ನನ್ನು ಬೈದರು. ಬೈಸಿಕೊಂಡೆ. ಅವರ ಮಗ ಮನೆಗೆ ಹೋದ.

ಕೈಕಟ್ಟಿ ಕೂರಬೇಕಾ ಅಂತ ಕೇಳಿದೆಯಲ್ಲ, ಕೂರಬೇಡಿ. ಗಸ್ತು ಒಳ್ಳೆಯದು. ಆದರೆ ನಿಮ್ಮ ಹೆಸರು, ನಂಬರಿನ ಪಟ್ಟಿಯನ್ನು ಬೀಟ್ ಪೊಲೀಸಿಗೆ ಕೊಟ್ಟು, ಅವರಿಗೆ ಗೊತ್ತಿದ್ದೇ ಮಾಡಿ. 1964ರಿಂದಲೇ ನಮ್ಮ ರಾಜ್ಯದಲ್ಲಿ ಗ್ರಾಮ ರಕ್ಷಣಾ ದಳದ ಕಾಯ್ದೆ ಇದೆ, ಅದರ ಬಗ್ಗೆ ಸ್ಟೇಷನ್ನಿನಲ್ಲಿ ಕೇಳಿ. ಎಲ್ಲರಿಗೂ ಒಂದೊಂದು ಪೀಪಿ ಕೊಡಿಸಿ. ಕತ್ತಲಲ್ಲಿ ನಾಲ್ಕು ದಿಕ್ಕಿನಿಂದ ಪೀಪಿ ಊದಿದರೆ ಕಳ್ಳ ನಿಲ್ಲುವುದಿಲ್ಲ. ಕಣಕ್ಕೆ ಒಳ್ಳೆಯ ಫೋಕಸ್ ಲೈಟು ಹಾಕಿ. ಊರಿಂದ ಹೊರಗೆ ಗಾಡಿ ಹೋಗುವ ದಾರಿ ಎಷ್ಟಿವೆ? ಎರಡೋ ಮೂರೋ ಇರಬೇಕು. ಒಂದೂವರೆ ಕ್ವಿಂಟಲ್ ಅಡಿಕೆ ಹೆಗಲ ಮೇಲೆ ಹೋಗಲ್ಲ, ಗಾಡಿ ಬೇಕೇ ಬೇಕು. ದಾರಿ ಕಾಯಿರಿ, ಗಾಡಿ ನಂಬರ್ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಮತ್ತೆ ಮುಖ್ಯವಾಗಿ, ರಾತ್ರಿ ಮೋಟಾರಿಗೆ ಎದ್ದು ಹೋಗುವವರು ಯಾರು ಯಾರು ಅಂತ ಗಸ್ತಿನವರಿಗೆ ಮೊದಲೇ ತಿಳಿದಿರಲಿ.

ಮನೆಯೊಳಗೆ ನುಗ್ಗಿ ನಿಮ್ಮವರ ಮೇಲೆ ಮಚ್ಚು ಎತ್ತಿದವನು ಕಣ್ಣ ಮುಂದೆ ನಿಂತಿದ್ದರೆ ನಾನು ಏನೂ ಹೇಳುವುದಿಲ್ಲ. ಆಗ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಿ. ಅಡಿಕೆಗಾಗಿ ಮಾತ್ರ ಎತ್ತಬೇಡಿ.

ತೋಟದಮನೆ, ಚನ್ನಗಿರಿ ತಾಲ್ಲೂಕು

ಹವಾಲ್ದಾರ್ ಸಾಹೇಬ್ರೆ, ನಿಮ್ಮದು ಓದಿ ಮುಗಿಸಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಪ್ರಶ್ನೆ ಕೇಳುವಾಗ ಒಂದು ವಿಷಯ ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಬಂದೂಕನ್ನು ನಾನು ಆಗಲೇ ಒಂದು ರಾತ್ರಿ ತೆಗೆದಿದ್ದೆ. ಅಡಿಕೆ ಹೋದ ಮೂರನೇ ದಿನ. ಅಪ್ಪಾಜಿ ಮಲಗಿದ ಮೇಲೆ ಬೀರುವಿನ ಬೀಗದ ಕೈ ತಗೊಂಡು, ತೋಟಾ ತುಂಬಿಕೊಂಡು, ತೋಟದ ಮನೆ ಜಗಲಿ ಮೇಲೆ ಕಂಬಕ್ಕೆ ಒರಗಿ ಕೂತಿದ್ದೆ. ಎರಡು ಗಂಟೆ ಹೊತ್ತಿಗೆ ಬಾಳೆ ಗಿಡದ ಹಿಂದೆ ಯಾರೋ ನಿಂತಂತೆ ಆಯಿತು. ಎತ್ತಿ ಹೆಗಲಿಗೆ ಕೊಟ್ಟೆ. ಬಂದೂಕಿನ ಕುದುರೆ (ಹ್ಯಾಮರ್) ಹಿಂದಕ್ಕೆ ಎಳೆದಿದ್ದೆ. ಆಗ ಆ ಮನುಷ್ಯ ಕೆಮ್ಮಿದ. ಆ ಕೆಮ್ಮು ನಾನು ಹುಟ್ಟಿದಾಗಿನಿಂದ ಕೇಳಿದ್ದು. ನಮ್ಮ ಚಿಕ್ಕಪ್ಪ. ನಾನೊಬ್ಬನೇ ಕೂತಿದ್ದೇನೆ ಅಂತ ಚಿಕ್ಕಮ್ಮ ಫ್ಲಾಸ್ಕಿನಲ್ಲಿ ಟೀ ಕಳಿಸಿದ್ದರು. ಕೈ ನಡುಗಿ ಕುದುರೆ ಇಳಿಸಲು ಆಗಲಿಲ್ಲ. ಚಿಕ್ಕಪ್ಪನೇ ಬಂದು ನಿಧಾನಕ್ಕೆ ನನ್ನ ಕೈಯಿಂದ ತೆಗೆದುಕೊಂಡು ಇಳಿಸಿದರು. ಇಬ್ಬರೂ ಮಾತಾಡಲಿಲ್ಲ. ಟೀ ಕುಡಿದೆವು. ಅವರು ಇಲ್ಲಿಯವರೆಗೂ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಅವತ್ತು ಚಿಕ್ಕಪ್ಪನಿಗೆ ಕೆಮ್ಮು ಬರದಿದ್ದರೆ ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಹುಡುಗರು ಧೈರ್ಯ ಇಲ್ಲ ಅಂದಾಗ ಇದನ್ನು ಹೇಳಲು ಬಾಯಿ ಬರಲಿಲ್ಲ. ನಿನ್ನೆ ರಾತ್ರಿ ಗಸ್ತಿಗೆ ಮುಂಚೆ ಎಲ್ಲರ ಎದುರಿಗೂ ಹೇಳಿದೆ. ಯಾರೂ ನಗಲಿಲ್ಲ. ನನ್ನನ್ನು ಹೆಚ್ಚು ಕೆಣಕುತ್ತಿದ್ದವನೇ "ಬಂದೂಕು ಬೇಡ ಬಿಡ್ರಪ್ಪ" ಅಂದ.

ಅಪ್ಪಾಜಿಗೂ ಇವತ್ತು ಬೆಳಿಗ್ಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಬೀರುವಿನ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡರು. ತೋಟಾಗಳನ್ನು ಬೇರೆ ತೆಗೆದು ದೇವರ ಮನೆಯ ಟ್ರಂಕಿಗೆ ಹಾಕಿ ಅದಕ್ಕೊಂದು ಬೀಗ ಹಾಕಿದರು. ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸುವ ಮಾತು ಈಗ ಬೇಡ, ಮೊದಲು ತರಬೇತಿ ಆಗಲಿ ಅಂದರು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಮುಂದಿನ ಸಲ ಯಾವಾಗ ಅಂತ ವಿಚಾರಿಸುತ್ತೇನೆ.

ಗಸ್ತಿನ ಪಟ್ಟಿ ಸ್ಟೇಷನ್‌ಗೆ ಕೊಟ್ಟು ಬಂದೆವು. ರಾತ್ರಿ ಮೋಟಾರಿಗೆ ಹೋಗುವವರು ಆರು ಜನ ಇದ್ದಾರೆ. ಮನೆ ಬಿಡುವ ಮುಂಚೆ ಗ್ರೂಪಿಗೆ "ಮೋಟಾರ್" ಅಂತ ಒಂದು ಮೆಸೇಜ್, ದಾರಿಯಲ್ಲಿ ಗಸ್ತಿನವರು ಎದುರಾದರೆ ಟಾರ್ಚು ಮೂರು ಸಲ ಮಿನುಗಿಸುವುದು ಅಂತ ಮಾತಾಗಿದೆ. ಒಬ್ಬ ಅಜ್ಜನ ಹತ್ತಿರ ಫೋನ್ ಇಲ್ಲ. ಅವರು ಹಾಡು ಹೇಳಿಕೊಂಡು ಹೋಗುತ್ತೇನೆ ಅಂದಿದ್ದಾರೆ.

ಒಂದು ಕೇಳಬೇಕಿತ್ತು. ಟ್ರಂಕಿನಲ್ಲಿ ಹನ್ನೊಂದು ಹಳೆಯ ತೋಟಾ ಇವೆ. ಸುಮಾರು 2009ರ ಸುಮಾರಿಗೆ ತಂದವು. ನಾಲ್ಕೈದರ ಹಿತ್ತಾಳೆ ಹಸಿರುಗಟ್ಟಿದೆ, ಎರಡು ಉಬ್ಬಿವೆ. ಏನು ಮಾಡಲಿ?

ಹವಾಲ್ದಾರ್, ಹೊಳಲ್ಕೆರೆ

ಉಬ್ಬಿದ್ದನ್ನು ನಳಿಗೆಗೆ ಹಾಕಲೇಬೇಡಿ. ಬಿಚ್ಚಲು ಹೋಗಬೇಡಿ, ಒಲೆಗೂ ಬಾವಿಗೂ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ಇರಲಿ. ಅಪ್ಪಾಜಿಯವರೇ ಲೈಸೆನ್ಸ್ ಪುಸ್ತಕ ತಗೊಂಡು ಸ್ಟೇಷನ್‌ಗೆ ಹೋಗಿ, ಹನ್ನೊಂದನ್ನೂ ಒಪ್ಪಿಸಿ, ಎಷ್ಟು ಕೊಟ್ಟಿರಿ ಅಂತ ರಸೀದಿ ಬರೆಸಿಕೊಂಡು ಬರಲಿ. ಮಂಡಿನೋವು ಅಂದಿರಿ, ಬೈಕಿನಲ್ಲಿ ಕೂರಿಸಿಕೊಂಡು ನೀವೇ ಕರೆದುಕೊಂಡು ಹೋಗಿ. ಡಬ್ಬಿ ಮಾತ್ರ ಅವರ ಕೈಯಲ್ಲೇ ಇರಲಿ. ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ಹೇಳಿ.